ಯಂತ್ರಕ್ಕೊಂದು ಸಂಕಲ್ಪ

ಹೋದ ತಿಂಗಳು ಭಟ್ಟರ ವೈಕುಂಠ ಸಮಾರಾಧನೆಗೆ ಹೋಗಿದ್ದೆ. ಪಂಕ್ತಿಯಲ್ಲಿ ನನ್ನ ಪಕ್ಕ ಕೂತವರು ಅಲ್ಲೇ ಹತ್ತಿರದ ಕಾಫಿ ಎಸ್ಟೇಟಿನ ರೈಟರು. ಆಳುಗಳ ಹಾಜರಿ ಬರೆದು ಬರೆದು ಅವರಿಗೆ ಊರವರೆಲ್ಲರ ಹಾಜರಿ ಹಾಕುವ ಚಟ ಅಂಟಿಕೊಂಡಿದೆ. ಪಾಯಸ ಬಡಿಸುವ ಹೊತ್ತಿಗೆ ನನ್ನ ಕಡೆ ವಾಲಿ, "ಎಂಥ ತಲೆ ಇತ್ತು ಮಾಸ್ಟ್ರೆ ಅವ್ರಿಗೆ! ತಗೊಂಡು ಹೋಗಿ ಎಲ್ಲಾ ಆ ಆಟದ ಸಾಮಾನಿಗೆ ಸುರಿದ್ರು ನೋಡಿ," ಎಂದರು.

ಸಮಾರಾಧನೆಯ ಊಟದಲ್ಲಿ ಜಗಳ ಕಾಯಬಾರದು. "ಹೂಂ" ಎಂದು ಊಟ ಮುಗಿಸಿ ಎದ್ದೆ. ಆದರೆ ಆ ಹೂಂ ನನ್ನನ್ನು ಇವತ್ತಿನವರೆಗೂ ಚುಚ್ಚುತ್ತಿದೆ. ನಾಪೋಕ್ಲಿನ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ಸಮಾಜ ವಿಜ್ಞಾನ ಪಾಠ ಹೇಳುತ್ತಿರುವವನು ನಾನು. ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಅಲ್ಲಿ ನುಂಗಿಕೊಂಡದ್ದನ್ನು ಇಲ್ಲಿ ಹೇಳುತ್ತೇನೆ. ಅವರ ಹೆಸರು ಮಾತ್ರ ಹಾಕುವುದಿಲ್ಲ. ಅಚ್ಚಿನಲ್ಲಿ ಹೆಸರು ಬರುವುದು ಅವರಿಗೆ ಸರಿ ಬರುತ್ತಿರಲಿಲ್ಲ. ಹೇಗೂ ಆ ಕಡೆಯ ನಾಲ್ಕೂರಿಗೆ ಭಟ್ಟರು ಎಂದರೆ ಅವರೊಬ್ಬರೇ.

ನಾಪೋಕ್ಲು ರಸ್ತೆಯಿಂದ ಎರಡು ಮೈಲಿ ಒಳಗೆ, ಗದ್ದೆ ಬಯಲಿನ ತುದಿಯಲ್ಲಿ ಒಂದು ಈಶ್ವರ ದೇವಸ್ಥಾನ. ಅದರ ಅರ್ಚಕರು ಅವರು. ತೆಳ್ಳಗೆ, ಉದ್ದಕ್ಕೆ, ಸ್ವಲ್ಪ ಮುಂದಕ್ಕೆ ಬಾಗಿದ ಮನುಷ್ಯ. ಮೂಗಿನ ಮೇಲೆ ಒಂದು ಕನ್ನಡಕ, ಹಣೆಯ ಮೇಲೆ ಇನ್ನೊಂದು. ಒಂದು ಪಂಚಾಂಗಕ್ಕೆ, ಇನ್ನೊಂದು ಸರ್ಕ್ಯೂಟಿಗೆ ಎನ್ನುತ್ತಿದ್ದರು. ಎರಡನ್ನೂ ಮುಖದ ಮೇಲೇ ಇಟ್ಟುಕೊಂಡು ಮನೆಯೆಲ್ಲ ಹುಡುಕುತ್ತಿದ್ದದ್ದನ್ನೂ ನಾನು ನೋಡಿದ್ದೇನೆ. ಹರೆಯದಲ್ಲಿ ಮಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದ್ದರು. ಅಪ್ಪ ಹಾಸಿಗೆ ಹಿಡಿದು ಪೂಜೆ ನಿಲ್ಲುವ ಹಾಗಾದಾಗ ಬಂದು ಗಂಟೆ ಹಿಡಿದರು. ಅದರ ಬಗ್ಗೆ ಬೇಸರ ಇಲ್ಲವೇ ಎಂದು ಒಮ್ಮೆ ಕೇಳಿದ್ದೆ.

"ಎಂತ ಬೇಸರ ಮಾಸ್ಟ್ರೆ? ಪೂಜೆ ಹನ್ನೊಂದಕ್ಕೆ ಮುಗೀತದೆ. ದೀಪ ಹಚ್ಚುದು ಆರೂವರೆಗೆ. ನಡುವಿನ ಏಳೂವರೆ ಗಂಟೆ ದೇವರು ನಂಗೇ ಬಿಟ್ಟಿದ್ದಾನೆ," ಎಂದರು.

ಆ ಏಳೂವರೆ ಗಂಟೆಯಲ್ಲಿ ಮೊದಮೊದಲು ರೇಡಿಯೊ, ಆಮೇಲೆ ದೇವಸ್ಥಾನದ ಆಂಪ್ಲಿಫೈಯರು, ಮಿಕ್ಸಿ, ಎಸ್ಟೇಟಿನ ಯುಪಿಎಸ್. ಒಂದು ದಿನ ದುಬೈಯಿಂದ ಬಂದ ನಾಪೋಕ್ಲಿನ ಕಾಕಾ ಒಬ್ಬರು ಕೈಯಲ್ಲಿ ಹಿಡಿದು ಆಡುವ ಒಂದು ಆಟದ ಯಂತ್ರವನ್ನು ತಂದು ಮುಂದಿಟ್ಟರಂತೆ. ಪುಸ್ತಕದ ಹಾಗೆ ಮಡಚುತ್ತದೆ, ಮೇಲೊಂದು ಪರದೆ, ಕೆಳಗೊಂದು ಪರದೆ. ಬಿಚ್ಚಿ ನೋಡಿದರೆ ಎಲ್ಲ ಸರಿ ಇದೆ, ಒಂದು ತಂತಿಯೂ ಕಡಿದಿಲ್ಲ, ಆದರೆ ಏಳುವುದಿಲ್ಲ. ಕಾಯಿಲೆ ಇದ್ದದ್ದು ಮೈಯಲ್ಲಲ್ಲ, ನೆನಪಿನಲ್ಲಿ. ಯಂತ್ರದ ಒಳಗಿನ ಒಂದು ಚಿಪ್‌ನಲ್ಲಿ ಅದು ತಾನು ಯಾರು, ಹೇಗೆ ಏಳಬೇಕು ಎನ್ನುವುದನ್ನೆಲ್ಲ ಬರೆದಿಟ್ಟುಕೊಂಡಿರುತ್ತದೆ; ಅದು ಕೆಟ್ಟಿತ್ತು. ಮೈಯ ಕಾಯಿಲೆ ನೋಡಿ ನೋಡಿ ಬೇಜಾರಾಗಿದ್ದ ಭಟ್ಟರಿಗೆ ಇದು ಹುಚ್ಚು ಹಿಡಿಸಿತು.

ಆ ನೆನಪನ್ನು ಓದಲು, ತಿದ್ದಲು ಕಂಪನಿಯವರು ಯಾರಿಗೂ ಏನೂ ಕೊಡುವುದಿಲ್ಲ. ಲೋಕದ ಯಾವ ಯಾವುದೋ ಮೂಲೆಯಲ್ಲಿ ಕೂತ ಹವ್ಯಾಸಿಗಳೇ ಅದಕ್ಕೆ ಬೇಕಾದ ಉಪಕರಣಗಳನ್ನು ಬರೆದು ಪುಕ್ಕಟೆ ಹಂಚುತ್ತಾರೆ. ಅದಕ್ಕೆ ಹೋಂಬ್ರೂ ಎಂದು ಹೆಸರು. ಭಟ್ಟರು ಅದನ್ನು ಮನೆ ಅಡುಗೆ ಎನ್ನುತ್ತಿದ್ದರು. "ಹೋಟ್ಲಿನದ್ದಲ್ಲ, ಮನೆ ಅಡುಗೆ. ರುಚಿ ಹೆಚ್ಚು. ಆದ್ರೆ ಕಲ್ಲು ಸಿಕ್ಕಿದ್ರೆ ಯಾರ ಹತ್ರವೂ ಜಗಳಕ್ಕೆ ಹೋಗುವ ಹಾಗಿಲ್ಲ."

ಅವರ ಊರಿನಲ್ಲಿ ನೆಟ್‌ವರ್ಕ್ ಸಿಗುತ್ತಿದ್ದದ್ದು ದೇವಸ್ಥಾನದ ಕೆರೆಯ ಮೂರನೇ ಮೆಟ್ಟಿಲಿನಲ್ಲಿ ಮಾತ್ರ. ಎರಡನೆಯದರಲ್ಲಿ ಇಲ್ಲ, ನಾಲ್ಕನೆಯದರಲ್ಲಿ ಇಲ್ಲ. ದೊಡ್ಡ ಫೈಲು ಇಳಿಸಬೇಕಾದ ದಿನ ಮೊಬೈಲನ್ನು ಆ ಮೆಟ್ಟಿಲ ಮೇಲೆ ಒಂದು ಮಣೆಯ ಮೇಲಿಟ್ಟು, ಮಳೆಗೆ ಕೊಡೆ ಬಿಡಿಸಿಟ್ಟು ಬರುತ್ತಿದ್ದರು. ಹೊಸಬರು ಕಂಡರೆ ಏನೋ ಹರಕೆ ಎಂದುಕೊಳ್ಳಬೇಕು. ಒಬ್ಬ ಹೆಂಗಸು ಅದಕ್ಕೆ ಹೂವಿಟ್ಟು ಹೋಗಿದ್ದರಂತೆ. ಭಟ್ಟರು ಆ ಹೂವನ್ನು ತೆಗೆಯಲಿಲ್ಲ. "ಅವತ್ತು ಫೈಲು ಒಂದೇ ಸಲಕ್ಕೆ ಇಳೀತು. ನಾನು ಯಾಕೆ ತೆಗೀಲಿ?" ಎಂದು ನಗುತ್ತಿದ್ದರು.

ಕುಶಾಲನಗರದಿಂದ, ವಿರಾಜಪೇಟೆಯಿಂದ, ಮೈಸೂರಿನಿಂದಲೂ ಜನ ಯಂತ್ರ ಹಿಡಿದುಕೊಂಡು ಬರುತ್ತಿದ್ದರು. ಕದ್ದ ಆಟಗಳನ್ನು ತುಂಬಿಸಿಕೊಡಿ ಎಂದು ಬಂದವರಿಗೆ ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದರು. ರಿಪೇರಿಗೆ ಬಂದವರನ್ನು ಜಗಲಿಯ ಬೆಂಚಿನ ಮೇಲೆ ಕೂರಿಸಿ ವಿಚಾರಣೆ ಶುರು. ಬಂದವರೆಲ್ಲರ ಮೊದಲ ಮಾತು ಒಂದೇ: ನಾನೇನೂ ಮಾಡಿಲ್ಲ, ತಾನೇ ಹೋಯ್ತು. ಭಟ್ಟರದೂ ಒಂದೇ ಉತ್ತರ. "ತಾನೇ ಹೋಗುದು ಜೀವ ಮಾತ್ರ. ಇದಕ್ಕೆ ಯಾರಾದ್ರೂ ಎಂತಾದ್ರೂ ಮಾಡಿರ್ಬೇಕು. ಹೇಳಿ."

ಆಮೇಲೆ ಸಂಕಲ್ಪ. ತಮಾಷೆಗೆ ಹೇಳುತ್ತಿಲ್ಲ. ಪೂಜೆಗೆ ಮೊದಲು ಪುರೋಹಿತರು ಮಾಡಿಸುತ್ತಾರಲ್ಲ, ಇಂಥ ದಿನ, ಇಂಥ ಊರು, ಇಂಥ ಗೋತ್ರದ ಇಂಥವನು ಇಂಥ ಕಾರಣಕ್ಕೆ ಇದನ್ನು ಮಾಡುತ್ತಿದ್ದೇನೆ ಎಂದು, ಹಾಗೆಯೇ. ಯಂತ್ರದ ಬೆನ್ನಿನ ನಂಬರನ್ನು ಓದುತ್ತಿದ್ದರು, ಅದರ ಒಳಗಿನ ವ್ಯವಸ್ಥೆ ಯಾವ ಆವೃತ್ತಿಯದು ಎಂದು ಕೇಳುತ್ತಿದ್ದರು, ಅದರಲ್ಲಿ ಏನೇನಿದೆ, ಯಾವುದು ಹೋದರೆ ಅಳು ಬರುತ್ತದೆ ಎಂದು ಕೇಳುತ್ತಿದ್ದರು. ಕೊನೆಗೆ ಕನ್ನಡದಲ್ಲೇ, ಗಟ್ಟಿಯಾಗಿ, "ಇಂಥವರ ಯಂತ್ರಕ್ಕೆ ಇಷ್ಟು ಮಾಡ್ತೇನೆ, ಇದಕ್ಕಿಂತ ಹೆಚ್ಚು ಮಾಡುದಿಲ್ಲ," ಎನ್ನುತ್ತಿದ್ದರು. ಯಜಮಾನರು ಎದುರು ಕೂತು ಹೂಂ ಎನ್ನಬೇಕು. ತಾವು ಬಾರದೆ ಯಂತ್ರವನ್ನು ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಳಿಸಿದರೆ ಅದೇ ಬಸ್ಸಿನಲ್ಲಿ ವಾಪಸು.

ಈ ಪದ್ಧತಿಗೆ ಕಾರಣವಾದ ಯಂತ್ರ ಅವರ ಕಪಾಟಿನ ಮೇಲೇ ಇತ್ತು, ಕೆಂಪು ಬಣ್ಣದ್ದು. ಪೊನ್ನಂಪೇಟೆಯ ಒಬ್ಬ ಹುಡುಗಿ ಒಂದು ಗುಂಡಿ ಒತ್ತುವುದಿಲ್ಲ ಎಂದು ಕೊಟ್ಟು ಹೋಗಿದ್ದಳು. ಗುಂಡಿ ಸರಿ ಮಾಡಿದ ಭಟ್ಟರಿಗೆ, ಒಳಗಿನ ವ್ಯವಸ್ಥೆ ಹಳತಾಗಿದೆ, ಹೊಸದು ಹಾಕಿಬಿಡೋಣ ಅನ್ನಿಸಿತು. ಬ್ಯಾಟರಿ ಸತ್ತಿತ್ತು, ಬರೀ ಕರೆಂಟಿನ ಮೇಲೆ ಓಡುತ್ತಿತ್ತು. ಅದು ಜುಲೈ ತಿಂಗಳು. ನಮ್ಮ ಕೊಡಗಿನಲ್ಲಿ ಜುಲೈ ತಿಂಗಳ ಕರೆಂಟನ್ನು ನಂಬುವವರು ಇಬ್ಬರೇ, ಕೂಸುಗಳು ಮತ್ತು ಉತ್ಸಾಹ ಹತ್ತಿದವರು. ಬರೆಯುತ್ತಿದ್ದ ಹಾಗೆಯೇ ಕರೆಂಟು ಹೋಯಿತು, ಯಂತ್ರವೂ ಹೋಯಿತು. ಆ ಹುಡುಗಿಗೆ ಬೇರೆ ಯಂತ್ರ ಹುಡುಕಿಕೊಟ್ಟರು, ಆದರೆ ಅವಳ ಆಟಗಳು ಬರಲಿಲ್ಲ. "ಕೇಳದ್ದನ್ನು ಮಾಡ್ಲಿಕ್ಕೆ ಹೋದೆ," ಎಂದು ಬಂದವರಿಗೆಲ್ಲ ಅದನ್ನು ತೋರಿಸಿ ಹೇಳುತ್ತಿದ್ದರು. ಆಯುಧಪೂಜೆಯ ದಿನ ಸ್ಕ್ರೂಡ್ರೈವರು, ಸೋಲ್ಡರಿಂಗ್ ಕಡ್ಡಿಗಳ ಜೊತೆ ಅದಕ್ಕೂ ಕುಂಕುಮ.

ಇನ್ನು ನನ್ನ ಕಥೆ. ಹೇಳಲು ಅಷ್ಟೇನೂ ಹೆಮ್ಮೆಯ ಸಂಗತಿಯಲ್ಲ.

ನನ್ನ ಹೆಂಡತಿ ಸುಮಿತ್ರ ಕುಶಾಲನಗರದ ಕಡೆಯವಳು. ಮೂರು ವರ್ಷದ ಹಿಂದೆ ಹಿತ್ತಲ ಮೆಟ್ಟಿಲಿನ ಪಾಚಿಯ ಮೇಲೆ ಜಾರಿ ಸೊಂಟ ಮುರಿದುಕೊಂಡಳು. ಮೈಸೂರಿನಲ್ಲಿ ಆಪರೇಷನ್ ಆಗಿ ಎಂಟು ತಿಂಗಳು ಹಾಸಿಗೆ. ಹಡಗಿನಲ್ಲಿ ಕೆಲಸ ಮಾಡುವ ಅವಳ ತಮ್ಮ ಆ ಹೊತ್ತಿಗೆ ರಜೆಗೆ ಬಂದವನು, ಜಪಾನಿನ ಒಂದು ಬಂದರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡಿದ್ದ ತನ್ನ ಆಟದ ಯಂತ್ರವನ್ನು ಅಕ್ಕನ ಕೈಗಿಟ್ಟು ಹೋದ. ಅದರಲ್ಲೊಂದು ಊರಿನ ಆಟ. ಗುದ್ದಾಟ ಹೊಡೆದಾಟ ಏನಿಲ್ಲ. ಒಂದು ಪುಟ್ಟ ಮನೆ, ಒಂದು ಹೊಳೆ, ಅಕ್ಕಪಕ್ಕದವರು, ಹಣ್ಣಿನ ಗಿಡ. ದಿನಾ ಹೋಗಿ ನೀರು ಹಾಕಬೇಕು, ಮೀನು ಹಿಡಿಯಬೇಕು, ನೆರೆಯವರನ್ನು ಮಾತಾಡಿಸಬೇಕು. ಅಷ್ಟೂ ಮಾತು ಜಪಾನಿ ಲಿಪಿಯಲ್ಲಿ. ಅವಳು ಅದನ್ನು ಎಂಟು ತಿಂಗಳು ಆಡಿದಳು. ಎದ್ದು ಕೋಲು ಹಿಡಿದು ಓಡಾಡುವಂತಾದ ಮೇಲೂ ದಿನಕ್ಕೆ ಅರ್ಧ ಗಂಟೆ ಬಿಡಲಿಲ್ಲ.

ನನಗೆ ಅನ್ನಿಸಿತು, ಪಾಪ, ಒಂದಕ್ಷರ ತಿಳಿಯದೆ ಆಡುತ್ತಾಳಲ್ಲ, ಇದನ್ನು ಇಂಗ್ಲಿಷಿಗೆ ತಿರುಗಿಸಿದರೆ ಎಷ್ಟು ಸಂತೋಷಪಟ್ಟಾಳು! ಅವಳನ್ನು ಕೇಳಲಿಲ್ಲ. ಬೆರಗುಗೊಳಿಸಬೇಕು ಎಂಬ ಚಪಲ. ಅವಳು ಒಂದು ವಾರ ತವರಿಗೆ ಹೋದವಳು ಯಂತ್ರವನ್ನು ಮರೆತು ಹೋಗಿದ್ದಳು. ನಾನು ಯೂಟ್ಯೂಬ್ ನೋಡಿ ಪಂಡಿತನಾದೆ. ಹೋಂಬ್ರೂ ಉಪಕರಣವನ್ನು ಹಾಕಿದೆ. ಅದು ಏನು ಕೇಳಿದರೂ ಹೌದು, ಹೌದು ಎಂದು ಒತ್ತಿದೆ. ಮೊದಲು ನಿಮ್ಮ ಯಂತ್ರದ ನೆನಪಿನ ಪೂರ್ತಿ ನಕಲು ತೆಗೆದಿಟ್ಟುಕೊಳ್ಳಿ ಎಂದು ವಿಡಿಯೊದವನು ಮೂರು ಸಲ ಹೇಳಿದ. ನಾನು ಅದನ್ನು ಓಡಿಸಿ ಮುಂದೆ ಹೋದೆ. ಆಮೇಲೆ ನನ್ನ ಸ್ವಂತ ಬುದ್ಧಿ ಕೆಲಸ ಮಾಡಿತು. ಇಂಗ್ಲಿಷ್ ಬರುವ ಬೇರೆ ಯಾರದೋ ಯಂತ್ರದ ನಕಲು ಇಂಟರ್ನೆಟ್ಟಿನಲ್ಲಿ ಸಿಕ್ಕಿತು. ಅದನ್ನೇ ಇದಕ್ಕೆ ಬರೆದರೆ ಇದಕ್ಕೂ ಇಂಗ್ಲಿಷ್ ಬಂತಲ್ಲ! ಮೆಮೊರಿ ಕಾರ್ಡಿನಲ್ಲಿ ಜಾಗ ಸಾಲದ್ದಕ್ಕೆ, ಗೊತ್ತಿಲ್ಲದ ಒಂದೆರಡು ಫೋಲ್ಡರುಗಳನ್ನು ಅಳಿಸಿ ಅದನ್ನು ತುಂಬಿದೆ. ಬರೆದೆ. ಯಂತ್ರ ನೀಲಿ ಪರದೆ ತೋರಿಸಿ ನಿಂತಿತು.

ಸುಮಿತ್ರ ಬಂದ ದಿನ, "ಬ್ಯಾಟರಿ ಹೋಗಿದೆ ಕಣೇ, ರಿಪೇರಿಗೆ ಕೊಟ್ಟಿದ್ದೀನಿ," ಎಂದೆ. ಅವಳು "ಹೌದಾ? ಬೇಗ ಕೊಡ್ತಾರಂತಾ?" ಎಂದು ಕೇಳಿದಳು. ಯಂತ್ರ ನನ್ನ ಶಾಲೆಯ ಚೀಲದಲ್ಲಿತ್ತು.

ಭಟ್ಟರ ಹೆಸರು ಕೇಳಿದ್ದು ಆಗ, ಸ್ಟಾಫ್ ರೂಮಿನಲ್ಲಿ. ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ನೇರ ಹೋದೆ. ಅವರ ಜಗಲಿಯ ಮೂಲೆಯಲ್ಲಿ ಒಳಗೆ ಬಲ್ಬು ಉರಿಯುವ ಒಂದು ಮರದ ಪೆಟ್ಟಿಗೆಯಿತ್ತು. ಮಳೆಗಾಲದ ಥಂಡಿಗೆ ಪಂಚಾಂಗ, ಹಾರ್ಮೋನಿಯಂ, ಬಿಚ್ಚಿದ ಯಂತ್ರಗಳ ಭಾಗ, ಎಲ್ಲ ಅದರೊಳಗೆ ಬೆಚ್ಚಗೆ. ಅವರು ನನ್ನ ಯಂತ್ರವನ್ನು ತಿರುಗಿಸಿ ನೋಡಿ, ಕಪಾಟಿನ ಕೆಂಪು ಯಂತ್ರದ ಪುರಾಣ ಹೇಳಿ, ಬೆನ್ನಿನ ನಂಬರು ಓದಿ ಸಂಕಲ್ಪಕ್ಕೆ ತೊಡಗಿದರು.

"ಎಂತ ಮಾಡಿದ್ರಿ?"

ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಬಯ್ಯಲಿಲ್ಲ. ನಾನು ಅಳಿಸಿದ ಫೋಲ್ಡರಿನ ಹೆಸರು ನೆನಪಿದೆಯೇ ಎಂದು ಎರಡು ಸಲ ಕೇಳಿದರು; ನೆನಪಿದ್ದಷ್ಟು ಹೇಳಿದೆ. ಮತ್ತೆ, "ಇದ್ರಲ್ಲಿ ಎಂತ ಉಂಟು ಹೋಗಬಾರದ್ದು?" ಎಂದರು.

"ಒಂದು ಊರಿನ ಆಟ."

"ಊರಿನ ಹೆಸರೆಂತ?"

"ಗೊತ್ತಿಲ್ಲ."

"ಯಾವಾಗಿಂದ ಆಡ್ತಿದ್ದೀರಿ?"

ನಾನು ತಡವರಿಸಿದೆ. ಅವರು ಮೂಗಿನ ಮೇಲಿನ ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ಯಜಮಾನರು ಯಾರು ಮಾಸ್ಟ್ರೆ?"

"ನನ್ನ ಹೆಂಡ್ತಿ."

"ಅವ್ರಿಗೆ ಗೊತ್ತುಂಟಾ?"

"ಇಲ್ಲ. ನೀವು ಸರಿ ಮಾಡಿಕೊಟ್ರೆ ಗೊತ್ತಾಗೋದೇ ಬೇಡ ಅಂತ..."

ಅವರು ಯಂತ್ರವನ್ನು ಮಡಚಿ ನನ್ನ ಕಡೆ ಸರಿಸಿದರು. ನಾನು ಅಂಗಲಾಚಿದೆ, ಇಪ್ಪತ್ತು ಮೈಲಿ ಬಂದವನಂತೆ ನಟಿಸಿದೆ, ಅವಳಿಗೆ ಈಗಷ್ಟೇ ಸೊಂಟ ಸರಿಹೋಗಿದೆ, ನೊಂದುಕೊಳ್ಳುತ್ತಾಳೆ ಎಂದೆ. ಅವರು ಬಗ್ಗಲಿಲ್ಲ.

"ಅವ್ರ ಊರು ಕಾರ್ಡಿನಲ್ಲಿ ಹಾಗೇ ಉಂಟು," ಎಂದರು. "ಅದರ ಕೀಲಿ ಇದ್ದದ್ದು ಯಂತ್ರದ ಹೊಟ್ಟೆಯಲ್ಲಿ. ನೀವು ಅದರ ಮೇಲೆ ಬೇರೆಯವರದ್ದನ್ನು ಬರ್ದಿದ್ದೀರಿ. ಒಂದೊಂದು ಯಂತ್ರದ ಕೀಲಿ ಒಂದೊಂದು. ನೀವು ಎಲ್ಲದಕ್ಕೂ ಹೌದು ಒತ್ತುವಾಗ ಆ ಉಪಕರಣ ಕೀಲಿಯದ್ದೊಂದು ಸಣ್ಣ ನಕಲು ಕಾರ್ಡಿನಲ್ಲಿ ಮಾಡಿರ್ತದೆ. ಅದನ್ನೇ ನೀವು ಅಳಿಸಿದ್ದು. ಹುಡುಕಿದ್ರೆ ಸಿಕ್ಕಬಹುದು. ಹುಡುಕುವಾಗ ಉಳಿದದ್ದೂ ಹೋಗಬಹುದು. ಹೋದ್ರೆ ಹೋಗ್ಲಿ ಅಂತ ಹೇಳ್ಲಿಕ್ಕೆ ನೀವು ಯಾರು, ನಾನು ಯಾರು?"

ವಾಪಸು ಬರುವಾಗ ಬಸ್ಸಿನಲ್ಲಿ ಅವರನ್ನು ಮನಸಾರೆ ಬೈದುಕೊಂಡೆ. ಭಟ್ಟರಿಗೆ ಮಡಿ ಜಾಸ್ತಿಯಾಗಿದೆ ಎಂದುಕೊಂಡೆ. ಮೈಸೂರಿನಲ್ಲಿ ಬೇರೆ ಯಾರಾದರೂ ಸಿಕ್ಕಾರು ಎಂದು ಎರಡು ದಿನ ಹುಡುಕಿದೆ. ಮೂರನೆಯ ದಿನ ಸುಮಿತ್ರ ಅನ್ನ ಬಡಿಸುತ್ತಾ, "ರಿಪೇರಿಯವ್ರ ನಂಬರ್ ಕೊಡಿ, ನಾನೇ ಕೇಳ್ತೀನಿ," ಎಂದಳು. ನನಗೆ ಸುಳ್ಳಿನ ಮುಂದಿನ ಮೆಟ್ಟಿಲು ಹತ್ತಲಾಗಲಿಲ್ಲ. ಹೇಳಿಬಿಟ್ಟೆ.

ಅವಳು ಸೌಟನ್ನು ಪಾತ್ರೆಯಲ್ಲಿಟ್ಟಳು. ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. "ಇಂಗ್ಲಿಷ್ ಬೇಕು ಅಂತ ನಾನು ನಿಮ್ಮನ್ನ ಕೇಳಿದ್ನಾ?" ಎಂದಳು. ಇಲ್ಲ ಎಂದೆ. "ಮತ್ತೆ?" ಎಂದಳು. ಎರಡು ದಿನ ಮನೆಯಲ್ಲಿ ಉಪ್ಪಿಟ್ಟಿಗೂ ಉಪ್ಪಿಗೂ ಮಾತ್ರ ಮಾತು. ಶನಿವಾರ ಬೆಳಿಗ್ಗೆ ಅವಳೇ ಕೋಲು ತೆಗೆದುಕೊಂಡು, "ನಡೀರಿ ಆ ಭಟ್ರ ಮನೆಗೆ," ಎಂದು ಹೊರಟಳು. ಶಾಲೆಗೆ ರಜೆ ಹಾಕಿದೆ.

ಭಟ್ಟರು ಅವಳನ್ನು ಬೆಂಚಿನ ಮೇಲೆ ಕೂರಿಸಿದರು. ನನಗೆ ಕಂಬದ ಹತ್ತಿರ ನಿಲ್ಲುವ ಜಾಗ. ಸಂಕಲ್ಪ ಮತ್ತೆ ಮೊದಲಿನಿಂದ.

"ಊರಿನ ಹೆಸರೆಂತಮ್ಮ?"

"ನಡೆಯೂರು," ಎಂದಳು ಸುಮಿತ್ರ. ಸ್ವಲ್ಪ ನಾಚಿಕೊಂಡು, "ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರ್ಯೋಕೆ ಬಿಡುತ್ತೆ. ಮಲಗಿದಲ್ಲಿಂದ ನಾನು ನಡೀತಿದ್ದದ್ದು ಅಲ್ಲೊಂದೇ ಕಡೆ. ಅದಕ್ಕೆ ಹಂಗಿಟ್ಟೆ," ಎಂದಳು.

"ಯಾರೆಲ್ಲ ಇದ್ದಾರೆ?"

ಅವಳು ಬೆರಳು ಮಡಚುತ್ತಾ ಹೇಳುತ್ತಾ ಹೋದಳು. ಗೌರತ್ತೆ, ಶುಂಠಿ ಮಂಡಿಯ ಸಾಬರು, ಹಾಲಿನ ಪುಟ್ಟಮ್ಮ, ಯಾವಾಗಲೂ ನಿದ್ದೆ ಮಾಡುವ ಮಾವ. ಎಲ್ಲ ಅವಳ ಬಾಲ್ಯದ ಕೇರಿಯವರು. ಆಟದ ಗೊಂಬೆಗಳಿಗೆ ಇವಳು ಹಾಗೆ ಹೆಸರಿಟ್ಟುಕೊಂಡಿದ್ದಾಳೆ ಎಂದು ನನಗೆ ತಿಳಿದದ್ದು ಆ ಜಗಲಿಯಲ್ಲಿ, ಕಂಬಕ್ಕೆ ಒರಗಿ ನಿಂತಾಗ. ಭಟ್ಟರು ಒಂದೊಂದು ಹೆಸರಿಗೂ ತಲೆದೂಗುತ್ತಾ ಹಾಳೆಯ ಮೇಲೆ ಬರೆದುಕೊಂಡರು. "ಸುಮಿತ್ರಮ್ಮನವರ ಯಂತ್ರದಲ್ಲಿ ಕಳೆದ ಕೀಲಿಯನ್ನು ಹುಡುಕ್ತೇನೆ. ಸಿಕ್ಕಿದ್ರೆ ಕೇಳಿ ಹಾಕ್ತೇನೆ. ಇದಕ್ಕಿಂತ ಹೆಚ್ಚು ಮಾಡುದಿಲ್ಲ," ಎಂದರು. ಅವಳು ಹೂಂ ಎಂದಳು.

ಹುಡುಕುವ ಮೊದಲು ಕಾರ್ಡಿನ ಪೂರ್ತಿ ನಕಲು ತೆಗೆಯಬೇಕು. ಭಟ್ಟರ ಪದ್ಧತಿ ಎಂದರೆ ಎರಡು ಸಲ ಓದಿಸುವುದು. ಎರಡೂ ಓದು ಅಕ್ಷರಕ್ಕೆ ಅಕ್ಷರ ಒಂದೇ ಆಗಬೇಕು. ಆಗದೆ ಯಾವುದನ್ನೂ ಮುಟ್ಟಬಾರದು. ಓದಿದ್ದರ ಸಾರವಾಗಿ ಕಂಪ್ಯೂಟರು ಒಂದು ಉದ್ದನೆಯ ಅಂಕಿ ಅಕ್ಷರಗಳ ಸಾಲು ಕೊಡುತ್ತದೆ. ಅವಳು ಒಂದನ್ನು ಗಟ್ಟಿಯಾಗಿ ಓದುವುದು, ಇವರು ಇನ್ನೊಂದರ ಮೇಲೆ ಬೆರಳಿಟ್ಟು ತಾಳೆ ನೋಡುವುದು. "ನಮ್ಮಪ್ಪ ಮಂತ್ರ ಹೀಗೇ ಹೇಳಿಸ್ತಿದ್ದದ್ದು. ಮುಂದಿನಿಂದ ಹೇಳ್ಬೇಕು, ಹಿಂದಿನಿಂದ ಹೇಳ್ಬೇಕು. ಆಗ ನಡುವೆ ಕದ್ದದ್ದು ಗೊತ್ತಾಗ್ತದೆ," ಎಂದರು. ನಾಲ್ಕನೆಯ ಅಕ್ಷರಕ್ಕೇ ಎರಡು ಸಾಲೂ ಬೇರೆಯಾದವು. ಮತ್ತೆ ಓದಿಸಿದರು. ಮೂರನೆಯ ಓದು ಮೊದಲೆರಡಕ್ಕೂ ಹೊಂದಲಿಲ್ಲ.

ನಾನಾಗಿದ್ದರೆ ಮೂರರಲ್ಲಿ ಒಂದನ್ನು ನಂಬಿ ಮುಂದೆ ಹೋಗುತ್ತಿದ್ದೆ. ಅವರು ಕಾರ್ಡನ್ನು ಹೊರತೆಗೆದು, ಮೂಸಿ ನೋಡಿ, ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಶಾಲೆ ಮಕ್ಕಳ ರಬ್ಬರಿನಿಂದ ಮೆಲ್ಲಗೆ ತಿಕ್ಕಿದರು. ಓದುವ ಸಾಧನವನ್ನು ಬಿಚ್ಚಿದರು. ಅದರೊಳಗೆ ಹಸಿರು ಹಿಡಿದಿತ್ತು. "ನಮ್ಮ ಮಳೆ ಎಲ್ಲಿಯವರೆಗೆ ಬರ್ತದೆ ನೋಡಿ," ಎಂದು ಅದಕ್ಕೂ ರಬ್ಬರು ಹಾಕಿ, ಎರಡನ್ನೂ ಬಲ್ಬಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು. "ಒಂದು ವಾರ ಒಣಗಲಿ. ಬರುವ ಶನಿವಾರ ಬನ್ನಿ."

"ಒಂದು ವಾರವಾ?" ಎಂದೆ ನಾನು.

"ಅವ್ರಿಗೆ ಅವಸರ ಇಲ್ಲ. ನಿಮಗೆ ಯಾಕೆ?" ಎಂದರು ಭಟ್ಟರು. ಸುಮಿತ್ರ ಆ ವಾರದಲ್ಲಿ ಮೊದಲ ಸಲ ನಕ್ಕಳು.

ಮುಂದಿನ ಶನಿವಾರ ಎರಡು ಓದೂ ಒಂದೇ ಆದವು. ಅರವತ್ತನಾಲ್ಕು ಅಕ್ಷರವನ್ನೂ ಅವಳು ಓದಿ ಮುಗಿಸಿದಾಗ ಭಟ್ಟರು ಕೂತಲ್ಲೇ ಕೈ ಮುಗಿದರು. ಆ ನಕಲಿನೊಳಗೆ ಅಳಿಸಿದ ಫೈಲನ್ನು ಹುಡುಕುವ ಕೆಲಸ ಶುರುವಾಯಿತು. ನಾನು ಮನೆ ಖಾಲಿ ಮಾಡಿ ಅಲ್ಲಿ ಆನೆ ಕಟ್ಟಿದ ಹಾಗೆ, ಅಳಿಸಿದ ಜಾಗದಲ್ಲೇ ಪರರ ದೊಡ್ಡ ಫೈಲನ್ನು ತುಂಬಿದ್ದೆ. ಅದು ತುಳಿಯದ ಮೂಲೆಗಳನ್ನೆಲ್ಲ ಅವರು ಒಂದೊಂದಾಗಿ ನೋಡಿದರು. ಮಧ್ಯಾಹ್ನ ಮೂರು ಗಂಟೆಗೆ ಒಂದು ಸಣ್ಣ ಫೈಲು ಸಿಕ್ಕಿತು. ಅದರೊಳಗೆ ಯಂತ್ರದ ನಂಬರು ಬರೆದಿರುತ್ತದಂತೆ. ಸುಮಿತ್ರ ಯಂತ್ರದ ಬೆನ್ನ ಮೇಲಿನ ಸವೆದ ಚೀಟಿಯನ್ನು ಬೆಳಕಿಗೆ ಹಿಡಿದು ಓದಿದಳು. ನಂಬರು ಅದೇ.

ನಾನು ಕುಣಿಯುವುದೊಂದು ಬಾಕಿ. ಭಟ್ಟರು ಮಾತ್ರ ಗಲ್ಲ ಕೆರೆದುಕೊಳ್ಳುತ್ತಾ ಕೂತರು.

"ಅಮ್ಮ, ಒಂದು ಮಾತು," ಎಂದರು. "ಇದರ ತಲೆ ಸರಿ ಉಂಟು. ಬಾಲ ಪೂರ್ತಿ ಉಂಟಾ ಇಲ್ವಾ ನಂಗೆ ಗೊತ್ತಾಗುದಿಲ್ಲ. ತಾಳೆ ನೋಡ್ಲಿಕ್ಕೆ ಇನ್ನೊಂದು ನಕಲಿಲ್ಲ. ನಿಮಗೆ ಎರಡು ದಾರಿ. ಯಂತ್ರವನ್ನು ಹೊಸದರ ಹಾಗೆ ಮಾಡಿ ಕೊಡ್ತೇನೆ, ಅದು ಖಂಡಿತ ಆಗ್ತದೆ. ಬೇಕಾದ್ರೆ ಇಂಗ್ಲಿಷೂ ಹಾಕಬಹುದು. ಊರು ಇರುದಿಲ್ಲ, ಹೊಸ ಊರು ಕಟ್ಬೇಕು. ಇಲ್ಲಾಂದ್ರೆ ಇದನ್ನು ಹಾಕಿ ನೋಡುದು. ಬಂದ್ರೆ ನಿಮ್ಮ ಊರೇ ಬರ್ತದೆ. ಬರದಿದ್ರೆ ಯಂತ್ರವೂ ಏಳದೆ ಹೋಗಬಹುದು. ಇದನ್ನು ನಾನು ಹಿಂದೆ ಮಾಡಿದವನಲ್ಲ."

"ಹೊಸದೇ ಮಾಡಿಸ್ಕೋ, ರಿಸ್ಕ್ ಯಾಕೆ?" ಎಂದು ನಾನು ಬಾಯಿ ಹಾಕಿದೆ. ಇಬ್ಬರೂ ತಿರುಗಿ ನನ್ನನ್ನು ನೋಡಿದರು. ನಾನು ಕಂಬ ನೋಡಿದೆ.

"ಹೊಸ ಊರಲ್ಲಿ ನಂಗೆ ಯಾರು ಗೊತ್ತು?" ಎಂದಳು ಸುಮಿತ್ರ. "ಇದನ್ನೇ ಹಾಕಿ ಭಟ್ರೆ. ಹೋದ್ರೆ ಹೋಗ್ಲಿ. ಆದ್ರೆ ಇಂಗ್ಲಿಷ್ ಬೇಡ, ಇದ್ದ ಹಾಗೇ ಇರ್ಲಿ."

ಅವರು ಎಲ್ಲವನ್ನೂ ಸಿದ್ಧ ಮಾಡಿದರು. ಬ್ಯಾಟರಿ ತುಂಬಿದೆಯೇ ಎಂದು ಎರಡು ಸಲ ನೋಡಿದರು. ಬರೆಯುವ ಮುನ್ನ ಆ ಉಪಕರಣ ಐದು ಗುಂಡಿಗಳನ್ನು ಹೇಳಿದ ಕ್ರಮದಲ್ಲಿ ಒತ್ತು ಎನ್ನುತ್ತದೆ, ಕೈತಪ್ಪಿ ಒತ್ತಬಾರದು ಎಂದು. ಆ ಹೊತ್ತಿಗೆ ಭಟ್ಟರು ಯಂತ್ರವನ್ನು ಅವಳ ಕೈಗೆ ಕೊಟ್ಟರು. "ಒತ್ತುದು ಯಜಮಾನರು." ಅವಳು ಒಂದೊಂದೇ ಗುಂಡಿಯನ್ನು ಬಾಯಲ್ಲಿ ಹೇಳಿಕೊಂಡು ಒತ್ತಿದಳು. ಒಂದು ಗೆರೆ ಮೆಲ್ಲಗೆ ತುಂಬತೊಡಗಿತು. ಅಷ್ಟು ಹೊತ್ತು ಭಟ್ಟರು ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದರು. ನಾನು, ಇಪ್ಪತ್ತು ವರ್ಷ ವೈಜ್ಞಾನಿಕ ಮನೋಭಾವದ ಪಾಠ ಮಾಡಿದವನು, ದೇವಸ್ಥಾನದ ಕಡೆ ತಿರುಗಿ ನಿಂತಿದ್ದೆ.

ಯಂತ್ರ ಎದ್ದಿತು. ಮೇಲಿನ ಪರದೆಯಲ್ಲಿ ಜಪಾನಿ ಅಕ್ಷರಗಳು. ಸುಮಿತ್ರ ಆಟವನ್ನು ತೆರೆದಳು. ಸಣ್ಣದೊಂದು ಸಂಗೀತ ಬಂತು. ಅವಳ ಮನೆಯ ಬಾಗಿಲು ತೆರೆಯಿತು. ಊರು ತುಂಬ ಕಳೆ ಬೆಳೆದಿತ್ತು, ವಾರಗಟ್ಟಲೆ ಯಾರೂ ಹೋಗದಿದ್ದರೆ ಹಾಗಾಗುತ್ತದಂತೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಲ್ಲಿಗೆ ಭಟ್ಟರ ಕೆಲಸ ಮುಗಿಯಿತು. ಯಂತ್ರ ಎದ್ದರೆ ಅವರು ಅದನ್ನು ಮಡಚಿ ಕೈಗೆ ಕೊಟ್ಟು ಕೈ ತೊಳೆಯಲು ಹೋಗುವವರು. ಯಾವ ಆಟವನ್ನೂ ಅವರು ಆಡಿದವರಲ್ಲ, ನೋಡಿದವರಲ್ಲ ಎಂದು ಅವರ ಹೆಂಡತಿಯೇ ಆಮೇಲೆ ನಮಗೆ ಹೇಳಿದರು. ಅವತ್ತು ಅವರು ಎದ್ದವರು ಮತ್ತೆ ಕೂತರು. ಹಾಳೆಯ ಮೇಲೆ ಬರೆದುಕೊಂಡಿದ್ದ ಹೆಸರುಗಳನ್ನು ನೋಡಿ, "ಅಮ್ಮ, ಒಂದು ಸಲ ನಡೆದು ತೋರಿಸ್ತೀರಾ?" ಎಂದರು.

ಅವಳು ಬೆಂಚಿನ ಮೇಲೆ ಸರಿದು ಅವರಿಗೆ ಪರದೆ ಕಾಣುವ ಹಾಗೆ ಹಿಡಿದಳು. "ಇದು ನಮ್ಮನೆ. ಇದು ಹೊಳೆ. ಮಲಗಿದ್ದಾಗ ಬೆಳಗ್ಗೆ ಇಲ್ಲಿಂದ ಹೊರಟು ಆ ಸೇತುವೆ ತನಕ ಹೋಗಿ ಬರ್ತಿದ್ದೆ. ನೋವು ಜಾಸ್ತಿ ಇದ್ದ ದಿನ ಎರಡು ಸಲ."

"ಇವರು ಯಾರು?"

"ಗೌರತ್ತೆ. ಬಯ್ತಿದ್ದಾರೆ, ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ಯೇ ಅಂತ."

"ಹಾಗೆ ಬರ್ದುಂಟಾ ಅಲ್ಲಿ?"

"ಏನ್ ಬರ್ದಿದ್ಯೋ ಯಾರಿಗೊತ್ತು. ನಂಗೆ ಹಂಗೇ ಕೇಳ್ಸುತ್ತೆ."

ಭಟ್ಟರು ಬಾಯಿ ತುಂಬ ನಕ್ಕರು. ಶುಂಠಿ ಮಂಡಿಯ ಸಾಬರು ಏನೆಂದರು, ಪುಟ್ಟಮ್ಮ ಯಾಕೆ ಮುಖ ತಿರುಗಿಸಿದಳು, ಮಾವನನ್ನು ಎಬ್ಬಿಸಿದರೆ ಏನಾಗುತ್ತದೆ, ಎಲ್ಲ ಕೇಳಿದರು. ಅವಳು ಒಬ್ಬೊಬ್ಬರ ದನಿಯಲ್ಲಿ ಒಂದೊಂದು ಉತ್ತರ ಕೊಟ್ಟಳು. ನಾನು ಕಂಬದ ಹತ್ತಿರದಿಂದ ಇಣುಕಿದೆ. ಎರಡು ತಲೆಗಳ ನಡುವೆ ನನಗೆ ಏನೂ ಕಾಣಲಿಲ್ಲ. ಮಾತು ಮಾತ್ರ ಕೇಳುತ್ತಿತ್ತು. ನನ್ನ ಹೆಂಡತಿಗೆ ಇಷ್ಟೊಂದು ದನಿಗಳಿವೆ ಎಂದು ನನಗೆ ಗೊತ್ತಿರಲಿಲ್ಲ. ಎಂಟು ತಿಂಗಳು ಅವಳು ನನ್ನ ಪಕ್ಕದಲ್ಲೇ ಮಲಗಿ ಇದನ್ನು ನಡೆದಿದ್ದಳು. ಔಷಧಿ ತಂದಿದ್ದೆ, ಗಂಜಿ ಮಾಡಿದ್ದೆ, ಮೈಸೂರಿಗೆ ಹತ್ತು ಸಲ ಓಡಿದ್ದೆ. ಎಲ್ಲಿಗೆ ಹೋಗಿ ಬಂದೆ, ನನಗೂ ತೋರಿಸು ಎಂದು ಒಂದು ದಿನವೂ ಕೇಳಿರಲಿಲ್ಲ.

ಒಳಗಿನಿಂದ ಭಟ್ಟರ ಹೆಂಡತಿ, "ಹೊತ್ತಾಯ್ತು, ದೀಪ ಯಾರು ಹಚ್ಚುದು?" ಎಂದು ಕೂಗಿದರು. ಭಟ್ಟರು ಗಡಿಯಾರ ನೋಡಿ ಗಡಬಡಿಸಿ ಎದ್ದರು. ಹೆಗಲ ಮೇಲೆ ವಸ್ತ್ರ ಹಾಕಿಕೊಂಡು ಎರಡು ಹೆಜ್ಜೆ ಹೋದವರು ನಿಂತು, ಬೆಂಚಿನ ಮೇಲೆ ತಾವು ಕೂತಿದ್ದ ಜಾಗವನ್ನು ಕೈಯಿಂದ ತೋರಿಸಿದರು.

"ನಿಂತದ್ದು ಸಾಕು ಮಾಸ್ಟ್ರೆ. ಕೂತ್ಕೊಳ್ಳಿ."

ಅವರು ಎದ್ದು ಹೋದ ಜಾಗದಲ್ಲಿ ಕೂತೆ. ಸುಮಿತ್ರ ನನ್ನ ಕಡೆ ನೋಡಲಿಲ್ಲ. ಒಂದಷ್ಟು ಕಳೆ ಕಿತ್ತಳು. ಆಮೇಲೆ ಯಂತ್ರವನ್ನು ನನ್ನ ಕಡೆಗೆ ಸ್ವಲ್ಪ ವಾಲಿಸಿ, "ಮೊದ್ಲು ಗೌರತ್ತೆಗೆ ನಮಸ್ಕಾರ ಹೇಳಿ. ನಿಮ್ಮ ಮೇಲೆ ಅವ್ರಿಗೆ ತುಂಬಾ ಸಿಟ್ಟಿದೆ," ಎಂದಳು.